ನಡೆದುಹೋದ ಹೊರೆಗಲ್ಲುಗಳು

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ತಂಬೆಲರ ಸೀಮೆ ಎಂಬ ಒಂದು ರಾಜ್ಯವಿತ್ತು. ಅಲ್ಲಿ ಮಳೆ ಕರೆದಾಗ ಬರುತ್ತಿತ್ತು, ಸಾಕು ಅಂದಾಗ ನಿಲ್ಲುತ್ತಿತ್ತು. ಹಸುಗಳು ಕರುವಿಗೆ ಎಷ್ಟು, ಮನೆಗೆ ಎಷ್ಟು ಎಂದು ತಾವೇ ಲೆಕ್ಕ ಹಾಕಿ ಹಾಲು ಕೊಡುತ್ತಿದ್ದವು. ಹಾಗಾದರೆ ಆ ಜನಕ್ಕೆ ಚಿಂತೆಯೇ ಇರಲಿಲ್ಲವೇ ಎಂದು ಕೇಳುತ್ತೀರಿ. ಮನುಷ್ಯರು ಇದ್ದ ಮೇಲೆ ಚಿಂತೆ ಇಲ್ಲದೆ ಇರುತ್ತದೆಯೇ? ಇತ್ತು. ಆದರೆ ಅಲ್ಲಿ ಅದು ಕಣ್ಣಿಗೆ ಕಾಣುತ್ತಿತ್ತು, ಅಷ್ಟೇ ವ್ಯತ್ಯಾಸ.

ಆ ಸೀಮೆಯಲ್ಲಿ ಗಂಡಾಗಲಿ ಹೆಣ್ಣಾಗಲಿ, ಇಪ್ಪತ್ತು ವರ್ಷ ತುಂಬಿದ ದಿನ ಬೆಳಿಗ್ಗೆ ಎದ್ದರೆ ತಲೆಯ ಮೇಲೊಂದು ಗಂಟು ಕೂತಿರುತ್ತಿತ್ತು. ಇಟ್ಟವರು ಯಾರು ಎಂದು ಯಾರಿಗೂ ಗೊತ್ತಿಲ್ಲ. ಮೊದಲ ದಿನ ತೆಂಗಿನಕಾಯಿಯಷ್ಟು ದಪ್ಪ. ಕಿವಿಗೊಟ್ಟು ಕೇಳಿದರೆ ಒಳಗಿಂದ ಪಿಸುಮಾತು ಬರುತ್ತಿತ್ತು. ಒಲೆ ಆರಿಸಿ ಬಂದೆನೋ ಇಲ್ಲವೋ? ನಿನ್ನೆ ಚಿಕ್ಕಮ್ಮ ಯಾಕೆ ಹಾಗೆ ನೋಡಿದಳು? ಓರಗೆಯವರೆಲ್ಲ ಒಂದೊಂದು ದಾರಿ ಹಿಡಿದರು, ನನ್ನದೇನು? ಹೀಗೆ ಸಣ್ಣ ಸಣ್ಣ ಚಿಂತೆಗಳು. ದಿನ ಕಳೆದ ಹಾಗೆ ಗಂಟು ಹೊರೆಯಾಗುತ್ತಿತ್ತು. ಕೈಯಿಂದ ಎತ್ತಲು ಹೋದರೆ ಅದು ತಲೆಗೆ ಇನ್ನೂ ಬಿಗಿಯಾಗಿ ಅಂಟಿಕೊಳ್ಳುತ್ತಿತ್ತು.

ಅದನ್ನು ಇಳಿಸಲು ಇದ್ದದ್ದು ಒಂದೇ ಉಪಾಯ, ಹೊರೆಗಲ್ಲು. ಎರಡು ನಿಲುಗಲ್ಲು, ಅವುಗಳ ಮೇಲೆ ಒಂದು ಅಡ್ಡಗಲ್ಲು, ಆಳಿನ ಹೆಗಲಿನಷ್ಟು ಎತ್ತರ. ಪ್ರತಿ ಬೀದಿಯ ತುದಿಯಲ್ಲೂ ಒಂದಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಊರವರೆಲ್ಲ ಅಲ್ಲಿಗೆ ಬರುತ್ತಿದ್ದರು. ಕಲ್ಲಿಗೆ ಎದೆ ತಾಗಿಸಿ ನಿಂತು, ಮಂಡಿ ತುಸು ಬಗ್ಗಿಸಿ, ತಲೆ ಮುಂದೆ ಬಾಗಿಸಿದರೆ ಹೊರೆ ಜಾರಿ ಕಲ್ಲಿನ ಮೇಲೆ ಕೂರುತ್ತಿತ್ತು. ಆಗ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: "ಇಂದಿಗಿಷ್ಟೇ." ಹೇಳಿ ಹಿಂದೆ ನೋಡದೆ ಮನೆಗೆ ಹೋಗುತ್ತಿದ್ದರು. ಇರುಳಿಡೀ ಬಿದ್ದ ಇಬ್ಬನಿಗೆ ಅರ್ಧ ಹೊರೆ ಕರಗಿಹೋಗುತ್ತಿತ್ತು. ಬೆಳಿಗ್ಗೆ ಬಂದು ಉಳಿದಷ್ಟನ್ನು ಹೊತ್ತುಕೊಂಡರೆ ಆಯಿತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಆ ಸೀಮೆಯಿಂದಲೇ ಬಂತು ಎನ್ನುತ್ತಾರೆ. ನನ್ನನ್ನು ಕೇಳಿದರೆ ಅವರಿಗೆ ಚಿಂತೆ ಇತ್ತು, ಇಳಿಸುವ ಜಾಗವೂ ಇತ್ತು.

ಆ ಕಲ್ಲುಗಳನ್ನು ಕಡೆದು ನೆಡುತ್ತಿದ್ದವನು ಬೈರಜ್ಜ. ಅವನಿಗೆ ಒಬ್ಬಳೇ ಮೊಮ್ಮಗಳು, ಹೆಸರು ಹೂವಿ. ತಂದೆಯಿಲ್ಲದ ಹುಡುಗಿ. ಅಜ್ಜ ಅವಳಿಗೆ ಉಳಿ ಹಿಡಿಯುವುದನ್ನು ಕಲಿಸಿದ, ಅಳತೆ ಕೋಲು ಹಿಡಿಯುವುದನ್ನು ಕಲಿಸಿದ. ಕಲಿಸುವಾಗಲೆಲ್ಲ ಎರಡು ಮಾತು ಹೇಳುತ್ತಿದ್ದ.

"ನೆನಪಿಟ್ಕೊ ಮಗಾ, ಕಲ್ಲು ಅರ್ಧ, ಮಂಡಿ ಅರ್ಧ. ಬಗ್ಗದೋನಿಗೆ ಎಂಥ ಕಲ್ಲು ನೆಟ್ರೂ ದಂಡ. ಇನ್ನೊಂದು, ಹೊರೆ ಇಳಿಸಿದೋರು ದಾರಿ ಬಿಟ್ಟೋರಲ್ಲ."

ಹೂವಿ ಹೂಂ ಅನ್ನುತ್ತಿದ್ದಳು. ಹದಿನಾರು ಹದಿನೇಳರ ವಯಸ್ಸಿನಲ್ಲಿ ಅಜ್ಜಂದಿರ ಮಾತಿಗೆ ಹೂಂ ಅನ್ನುವುದಷ್ಟೇ ಕೆಲಸ. ಅವಳಿಗೆ ಹತ್ತೊಂಬತ್ತು ತುಂಬಿದಾಗ ಅಜ್ಜ ತೀರಿಕೊಂಡ. ಉಳಿ, ಸುತ್ತಿಗೆ, ಅಳತೆ ಕೋಲು ಮೂರೂ ಹೂವಿಯ ಕೈಗೆ ಬಂದವು.

ಆಮೇಲೆ ಒಂದು ದಿನ ಆ ಅನಾಹುತ ನಡೆಯಿತು.

ಬೆಟ್ಟದ ಕಡೆಯಿಂದ ಒಂದು ಉದ್ದನೆಯ ಶಿಳ್ಳೆ ಕೇಳಿಸಿತು. ಹೊರೆಗಲ್ಲುಗಳು ಮಣ್ಣು ಕೊಡವಿಕೊಂಡು ಎದ್ದವು. ಎರಡೆರಡು ಕಾಲು ಹಾಕುತ್ತ, ಅಡ್ಡಗಲ್ಲನ್ನು ಹೆಗಲ ಮೇಲೆ ಹೊತ್ತು, ಪಲ್ಲಕ್ಕಿ ಹೊರುವವರ ಹಾಗೆ ಸಾಲಾಗಿ ನಡೆದು ಬೆಟ್ಟಗಳ ಹಿಂದೆ ಮರೆಯಾದವು. ಸೀಮೆಯಲ್ಲಿ ಒಂದು ಕಲ್ಲೂ ಉಳಿಯಲಿಲ್ಲ. ಬೆಟ್ಟಗಳಾಚೆ ದುಗುಡರಾಯ ಎಂಬ ಮಾಂತ್ರಿಕನಿದ್ದಾನೆ, ಇದು ಅವನದೇ ಶಿಳ್ಳೆ ಎಂದು ಮುದುಕರು ಗುರುತು ಹಿಡಿದರು. ಹೂವಿ ಹೊಸದಾಗಿ ಮೂರು ಕಲ್ಲು ಕಡೆದು ನೆಟ್ಟಳು. ಮೂರು ಸಲವೂ ಸಂಜೆಯಾಗುವ ಮುಂಚೆಯೇ ಶಿಳ್ಳೆ ಬಂತು, ಮೂರೂ ಎದ್ದು ಹೋದವು.

ಕಲ್ಲುಗಳು ಹೋದ ಮೂರನೆಯ ದಿನ ಹೂವಿಗೆ ಇಪ್ಪತ್ತು ತುಂಬಿತು. ಬೆಳಿಗ್ಗೆ ಎದ್ದಳು, ತಲೆಯ ಮೇಲೆ ಗಂಟು. ಇಳಿಸೋಣವೆಂದರೆ ಕಲ್ಲಿಲ್ಲ. ಊರಿಗೆಲ್ಲ ಹೊರೆಗಲ್ಲು ನೆಟ್ಟವಳು ತನ್ನ ಹೊರೆಯನ್ನು ಒಂದು ಸಂಜೆಯೂ ಇಳಿಸಲಿಲ್ಲ.

ಏಳು ತಿಂಗಳು ಕಳೆಯಿತು. ಜನ ಹೊರೆ ಹೊತ್ತೇ ಉಂಡರು, ಹೊರೆ ಹೊತ್ತೇ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಯಾರಿಗೂ ನಿದ್ದೆ ಹತ್ತಲಿಲ್ಲ. ಕೆಲವರು ಮಾತ್ರ ಇದರಲ್ಲೂ ಜಂಬ ಕಲಿತರು. "ನನ್ನ ಹೊರೆ ನೋಡಿ, ನಿಮ್ಮದೆಲ್ಲ ಏನು ಮಹಾ?" ಎಂದು ಬೀದಿಯಲ್ಲಿ ಮೆರೆದರು. ಆದರೆ ಹೊರೆ ಹೊತ್ತವರ ತೂಕವನ್ನು ಮೀರಿತೋ, ನೆಲ ತಾಳುತ್ತಿರಲಿಲ್ಲ. ಕಾಲು ಮಣ್ಣಿನಲ್ಲಿ ಇಳಿಯುತ್ತಿತ್ತು.

ಊರಿಗೆಲ್ಲ ಮೊದಲು ಇಳಿದವಳು ಹೂವಿಯ ಅವ್ವ ಸಿದ್ದವ್ವ.

ಅಂಗಳದಲ್ಲಿ ರಾಗಿ ಕೇರುತ್ತ ನಿಂತಿದ್ದವಳು ನಿಂತಲ್ಲೇ ಮಂಡಿಯವರೆಗೆ ಹೂತುಹೋದಳು. ಹೂವಿ ಎಳೆದಳು, ಅಕ್ಕಪಕ್ಕದವರು ಎಳೆದರು, ಜಗ್ಗಲಿಲ್ಲ. ಮರುದಿನ ನೋಡಿದರೆ ನಾಲ್ಕು ಬೆರಳು ಹೆಚ್ಚು ಇಳಿದಿದ್ದಳು. ಅದರ ಮರುದಿನ ಮತ್ತೆ ನಾಲ್ಕು ಬೆರಳು. ಹೂವಿ ಅಳತೆ ಕೋಲು ಹಿಡಿದು ಅವ್ವನ ಪಕ್ಕ ನಿಂತು ಅಳೆದಳು. ನೆಲದಿಂದ ಮೂಗಿನವರೆಗೆ ನಲವತ್ತು ಬೆರಳು ಉಳಿದಿತ್ತು. ಹತ್ತು ದಿನ. ಹತ್ತನೆಯ ದಿನ ಸೂರ್ಯ ಮುಳುಗುವಾಗ ಅವ್ವನಿಗೆ ಉಸಿರಾಡಲು ಜಾಗ ಇರುವುದಿಲ್ಲ.

ಸಿದ್ದವ್ವನಿಗೆ ಮಾತ್ರ ಅದರ ಪರಿವೆಯೇ ಇರಲಿಲ್ಲ. "ಒಲೆ ಮೇಲೆ ಹಾಲಿಟ್ಟಿದೀನಿ, ಉಕ್ಕೋಯ್ತದೆ ನೋಡೆ," ಅಂದಳು.

"ಅವ್ವ, ನಾನು ಬೆಟ್ಟದಾಚೆ ಹೋಗಿ ಒಂದೇ ಒಂದು ಕಲ್ಲು ತತ್ತೀನಿ. ಹತ್ತು ದಿನದೊಳಗೆ ಬತ್ತೀನಿ."

"ಅಯ್ಯೋ, ಒಬ್ಳೇ ಹೋಗ್ತೀಯಾ? ದಾರೀಲಿ ಏನು ತಿಂತೀಯ? ಕಾಲಿಗೆ ಮುಳ್ಳು ಚುಚ್ಚಿದ್ರೆ? ಮಳೆ ಬಂದ್ರೆ?"

ಒಂದೊಂದು ಪ್ರಶ್ನೆಗೂ ಸಿದ್ದವ್ವನ ಹೊರೆ ಒಂದೊಂದು ಹಿಡಿ ಬೆಳೆಯಿತು. ಹೂವಿ ನೋಡಲಾರದೆ ಓಡಿಬಂದು ದಾರಿ ಹಿಡಿದಳು. ಸೊಂಟದಲ್ಲಿ ಅಳತೆ ಕೋಲು, ಸೆರಗಿನಲ್ಲಿ ಹುರಿಗಡಲೆ, ತಲೆಯ ಮೇಲೆ ಕುಂಬಳಕಾಯಿ ಗಾತ್ರದ ಗಂಟು. ಅದರ ನಟ್ಟನಡುವೆ ಈಗ ಒಂದೇ ಚಿಂತೆ ದೊಡ್ಡದಾಗಿ ಕೂತಿತ್ತು: ಅವ್ವ ಉಳೀತಾಳಾ?

ಮೊದಲು ಸಿಕ್ಕಿದ್ದು ಗೊರವಂಕಗಳ ಕಾಡು. ಗೊರವಂಕ ಹಕ್ಕಿಗೆ ಮಾತು ಕಲಿಸಿದರೆ ಆಡುತ್ತದೆ, ನಮಗೆಲ್ಲ ಗೊತ್ತು. ಈ ಹಕ್ಕಿಗಳು ಕಲಿಸದೆಯೇ ಆಡುತ್ತಿದ್ದವು, ಅದೂ ಹೂವಿಯ ಬೀದಿಯವರ ದನಿಯಲ್ಲಿ.

"ಬೈರಜ್ಜನ ಕೈಗುಣ ಇವಳಿಗೆಲ್ಲಿ ಬರಬೇಕು?" ಎಂದಿತು ಒಂದು.

"ಬಂತು! ಅಜ್ಜನೇ ನನ್ನ ಬೆನ್ನು ತಟ್ಟಿದ್ದ," ಎಂದಳು ಹೂವಿ. ತಲೆಯ ಹೊರೆ ತುಸು ಭಾರವಾಯಿತು.

"ಹೆತ್ತೋಳನ್ನ ಮಣ್ಣಲ್ಲಿ ಬಿಟ್ಟು ಊರು ಸುತ್ತಕ್ಕೆ ಹೋದಳು," ಎಂದಿತು ಇನ್ನೊಂದು.

"ಸುತ್ತಕ್ಕಲ್ಲ, ಕಲ್ಲು ತರಕ್ಕೆ!" ಹೊರೆ ಮತ್ತೆ ಭಾರವಾಯಿತು.

ಒಂದಕ್ಕೆ ಉತ್ತರ ಕೊಟ್ಟರೆ ಹತ್ತು ಹಕ್ಕಿ ಬಂದು ಕೂರುತ್ತಿದ್ದವು. ಅವಳು ನಿಂತು ಮಾತಾಡಿದಷ್ಟು ಹೊತ್ತೂ ಮುಂದಿನ ದಾರಿಗೆ ಬಳ್ಳಿ ಹಬ್ಬುತ್ತಿತ್ತು. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಅರ್ಧ ದಿನದ ಕಾಡಿನಲ್ಲಿ ಹೂವಿ ಮೂರು ದಿನ ಜಗಳವಾಡಿದಳು. ಮೂರನೆಯ ದಿನ ಗಂಟಲು ಕಟ್ಟಿತು. ಬಾಯಿ ತೆರೆದರೆ ಗಾಳಿಯಷ್ಟೇ ಬಂತು. ಉತ್ತರ ಸಿಗದ ಗೊರವಂಕಗಳು ಸ್ವಲ್ಪ ಹೊತ್ತು ಕೂಗಿ, ಬೇಸರಪಟ್ಟು, ಹಣ್ಣು ತಿನ್ನಲು ಹೋದವು. ಬಳ್ಳಿ ಸರಿದು ದಾರಿ ಬಿಟ್ಟಿತು.

ಅವಳು ಜಾಣತನದಿಂದ ಗೆದ್ದಳು ಎಂದು ನಾನು ಹೇಳುವುದಿಲ್ಲ. ಗಂಟಲು ಕಟ್ಟಿದ್ದರಿಂದ ಗೆದ್ದಳು. ಬದುಕಿನಲ್ಲಿ ಎಷ್ಟೋ ಗೆಲುವು ಹಾಗೇ ಬರುತ್ತದೆ.

ಕಾಡು ದಾಟಿ ಒಂದು ದಿನ ನಡೆದ ಮೇಲೆ ಸರೋವರ ಸಿಕ್ಕಿತು. ಆಚೆ ದಡ ಮಂಜಿನೊಳಗಿತ್ತು. ದೋಣಿಯಿಲ್ಲ. ರಾಗಿ ಒಕ್ಕುವ ಕಣದಷ್ಟು ಅಗಲದ ಬೆನ್ನಿನ ಒಂದು ಮುದಿ ಆಮೆ ನೀರಿನಿಂದ ತಲೆ ಎತ್ತಿತು.

"ಆಚೆ ದಡಕ್ಕಾ ಮಗಳೇ? ಹತ್ತು. ಒಂದೇ ಕರಾರು. ಈಜೋದು ನನ್ನ ಕೆಲಸ, ಕೂರೋದು ನಿನ್ನ ಕೆಲಸ. ಅದನ್ನ ಅದಲುಬದಲು ಮಾಡಬೇಡ."

"ಆಗ್ಲಿ ತಾತ," ಅಂದು ಹೂವಿ ಹತ್ತಿದಳು. ಅಂದಳೇ ಹೊರತು ಸುಮ್ಮನೆ ಕೂರಲು ಅವಳಿಗೆ ಬರಬೇಕಲ್ಲ! "ತಾತ, ಸ್ವಲ್ಪ ಎಡಕ್ಕೆ." "ತಾತ, ಬೇಗ ಬೇಗ." ಕೈಯನ್ನು ನೀರಿಗೆ ಬಿಟ್ಟು ತಾನೂ ಹುಟ್ಟು ಹಾಕಿದಳು. ಬಗ್ಗಿ ಬಗ್ಗಿ ಮುಂದಕ್ಕೆ ನೋಡಿದಳು. ಅವಳು ಒಂದು ಸಲ ಕೈಯಾಡಿಸಿದರೆ ಆಮೆ ಒಂದು ಸುತ್ತು ತಿರುಗುತ್ತಿತ್ತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಗಾಣದೆತ್ತಿನ ಹಾಗೆ ಒಂದೇ ಕಡೆ ಸುತ್ತಿದರು. ಆಮೆ ಒಂದು ಮಾತೂ ಬೈಯಲಿಲ್ಲ. ಅದಕ್ಕೆ ಮುನ್ನೂರು ವರ್ಷ ವಯಸ್ಸು, ಅರ್ಧ ದಿನ ಯಾವ ಲೆಕ್ಕ?

ಕೈ ಸೋತು ಹೂವಿ ನೀರನ್ನೇ ನೋಡುತ್ತ ಕುಳಿತಳು. ನೀರಿನೊಳಗೆ ಇಡೀ ಆಕಾಶ ಬಿದ್ದುಕೊಂಡಿತ್ತು. ಬಿಳಿ ಮೋಡವೊಂದು ಆಮೆಯ ಹೊಟ್ಟೆಯ ಕೆಳಗಿಂದ ಹಾದುಹೋಯಿತು. ಅದರ ಹಿಂದೆ ಇನ್ನೊಂದು. ಕೊಕ್ಕರೆಗಳ ಸಾಲೊಂದು ತಲೆಕೆಳಗಾಗಿ ಹಾರಿತು. ಮೇಲೆ ಯಾವುದು, ಕೆಳಗೆ ಯಾವುದು ಎಂದು ಅವಳಿಗೆ ತಿಳಿಯದೆ ಹೋಯಿತು. ಆಮೆ ಈಜುತ್ತಿದೆಯೋ, ಮುಗಿಲಿನಲ್ಲಿ ನಡೆಯುತ್ತಿದೆಯೋ? ನೀರು ತಣ್ಣಗೆ ಪಾದ ಸವರಿತು. ಎಷ್ಟು ಮೋಡ ಹೋದವು ಎಂದು ಅವಳು ಎಣಿಸಲಿಲ್ಲ. ಆಮೆಯ ಹೊಟ್ಟೆ ಮರಳಿಗೆ ಉಜ್ಜಿದ ಸದ್ದಾದಾಗಲೇ ತಲೆ ಎತ್ತಿದ್ದು. ಆಚೆ ದಡ ಬಂದಿತ್ತು.

"ನೋಡಿದ್ಯಾ?" ಎಂದಿತು ಆಮೆ. "ನೀನು ಏನೂ ಮಾಡದೆ ಇದ್ದಾಗ್ಲೇ ಬಂದ್ವಿ."

ಅಲ್ಲಿಂದ ಬೆಟ್ಟ ಹತ್ತಬೇಕು. ಎಂಟನೆಯ ದಿನ ಮಧ್ಯಾಹ್ನ ಹೂವಿ ಶಿಖರದ ಹೆಬ್ಬಾಗಿಲಿಗೆ ಬಂದಳು. ಬಾಗಿಲಿಗೆ ಅಡ್ಡವಾಗಿ ಒಂದು ಹುಲಿ ಮಲಗಿತ್ತು. ಮಲಗಿತ್ತು ಅಂದೆ, ನಿದ್ದೆ ಮಾಡಿರಲಿಲ್ಲ. ಕಣ್ಣು ಕೆಂಡದ ಹಾಗಿದ್ದವು, ಕೆಳಗೆ ಬೂದಿಯಂಥ ಕಪ್ಪು ವರ್ತುಲ.

"ಏನು ತಂಗಿ, ಬಂದ್ಯಾ?" ಎಂದಿತು ಹುಲಿ ಆಕಳಿಸುತ್ತ. "ನಾನು ದುಗುಡರಾಯನ ಕಾವಲು ಹುಲಿ. ನೂರು ವರ್ಷದಿಂದ ನಿದ್ದೆಗೆಟ್ಟಿದೀನಿ. ನಿನ್ನ ತೊಡೆ ಮೇಲೆ ತಲೆ ಇಡ್ತೀನಿ. ನಿದ್ದೆ ಬಂದ್ರೆ ನಿನಗೆ ದಾರಿ. ಬರದಿದ್ರೆ ನೀನೇ ನನಗೆ ಊಟ. ಬೇಜಾರು ಮಾಡ್ಕೋಬೇಡ, ಇಲ್ಲಿಯ ಪದ್ಧತಿ ಹಾಗಿದೆ."

ಹೂವಿ ಬಂಡೆಯ ಮೇಲೆ ಕುಳಿತಳು. ಹುಲಿ ತೊಡೆಯ ಮೇಲೆ ತಲೆಯಿಟ್ಟಿತು. ಒರಳುಕಲ್ಲಿನಷ್ಟು ಭಾರ. ಕಣ್ಣು ಮುಚ್ಚಿದ ಹುಲಿ ಮರುಕ್ಷಣವೇ ಒಂದು ಕಣ್ಣು ತೆರೆಯಿತು.

"ತಂಗಿ, ನಿನ್ನ ಗಂಟು ಗಲಾಟೆ ಮಾಡ್ತಿದೆ."

ನಿಜವೇ. ಗಂಟಿನೊಳಗೆ ಸಂತೆ ನೆರೆದಿತ್ತು. ಹೂವಿ ಹುಲಿಯ ಕಿವಿ ಮುಚ್ಚಿ ನೋಡಿದಳು, ಹಾಡು ಹೇಳಿ ನೋಡಿದಳು. ಗಂಟಿನ ಗಲಾಟೆ ಇನ್ನೂ ಜೋರಾಯಿತು. "ಸುಮ್ನಿರಿ!" ಎಂದು ಗದರಿದಳು. ಗದರಿದರೆ ಮಕ್ಕಳು ಸುಮ್ಮನಾಗುತ್ತವೆಯೇ? ಹುಲಿ ಉಗುರು ಹೊರಗೆ ಬಿಟ್ಟಿತು.

ಆಗ ಹೂವಿಗೆ ಬೇರೆ ದಾರಿ ಕಾಣಲಿಲ್ಲ. ಇಷ್ಟು ದಿನ ಹೊತ್ತ ಗಂಟಿಗೆ ಮೊದಲ ಸಲ ಸಮಾಧಾನದಿಂದ ಕಿವಿಗೊಟ್ಟಳು.

ಒಂದು ಚಿಂತೆ ಹೇಳಿತು: "ಅಜ್ಜನಷ್ಟು ಕೆಲಸ ನನಗೆ ಬರುತ್ತಾ?"

"ಕೇಳಿಸ್ಕೊಂಡೆ. ನಾಳೆ ನೋಡಾಣ," ಅಂದಳು ಹೂವಿ. ಅದು ಸುಮ್ಮನಾಯಿತು.

"ಚಿಕ್ಕಮ್ಮ ಯಾಕೆ ಹಾಗೆ ನೋಡಿದಳು?"

"ಕೇಳಿಸ್ಕೊಂಡೆ. ಊರಿಗೆ ಹೋದ ಮೇಲೆ ಅವಳನ್ನೇ ಕೇಳಾಣ."

"ಮುಂದೆ ನನಗೆ ಮಕ್ಕಳಾಗಿ, ಅವು ಈ ಕಸುಬು ಬೇಡ ಅಂದರೆ?"

ಹೂವಿಗೆ ನಗು ಬಂತು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀತಾ ಇದೀಯಲ್ಲೇ! ಮಲಗು," ಅಂದಳು. ಅದೂ ಮಲಗಿತು.

ಹೀಗೆ ಒಂದೊಂದನ್ನೇ ಮಾತಾಡಿಸಿದಳು. ಒಂದೊಂದೇ ಮೆತ್ತಗಾಯಿತು. ಕೊನೆಗೆ ಉಳಿದದ್ದು ನಡುವಿನ ದೊಡ್ಡದು. ಅವ್ವ ಉಳೀತಾಳಾ? ಅದನ್ನು ಮಲಗಿಸಲು ಹೂವಿಗೆ ಬಾಯಿ ಬರಲಿಲ್ಲ. ಅದಕ್ಕೆ ಹೀಗೆ ಹೇಳಿದಳು: "ನೀನು ಮಲಗಬೇಡ. ನನ್ನ ಜೊತೇಲೇ ಎಚ್ಚರ ಇರು. ಸದ್ದು ಮಾತ್ರ ಮಾಡಬೇಡ."

ಅದು ಸದ್ದು ಮಾಡಲಿಲ್ಲ. ಬೆಟ್ಟದ ಮೇಲೆ ಗಾಳಿ ಬೀಸುವುದು ಆಗ ಕೇಳಿಸಿತು. ಹುಲಿಯ ಉಸಿರು ಉದ್ದವಾಯಿತು, ಮೀಸೆ ಸಡಿಲಾಯಿತು, ಗೊರಕೆ ಹತ್ತಿತು. ಸೂರ್ಯ ಮುಳುಗಿದ, ಮತ್ತೆ ಹುಟ್ಟಿದ, ನೆತ್ತಿಗೆ ಬಂದು ಇಳಿಯತೊಡಗಿದ. ಹುಲಿ ಏಳಲಿಲ್ಲ. ಇದ್ದ ಎರಡು ದಿನದಲ್ಲಿ ಒಂದು ದಿನ ಹೋಗುತ್ತಿತ್ತು. ಎಬ್ಬಿಸಲೇ ಎಂದು ನೂರು ಸಲ ಅನ್ನಿಸಿತು. ನೂರು ವರ್ಷ ನಿದ್ದೆಗೆಟ್ಟ ಮುಖ ನೋಡಿ ಕೈ ಬರಲಿಲ್ಲ. ಅವಳು ಅದರ ಹಣೆ ಸವರುತ್ತ ಕೂತಿದ್ದಳು, ಹುಲಿ ಕನಸಿನಲ್ಲಿ ಮರಿಯ ಹಾಗೆ ಚಪ್ಪರಿಸುತ್ತಿತ್ತು.

ಎದ್ದ ಮೇಲೆ ಹುಲಿ ಮೈಮುರಿದು, ತಾಜಾ ಕಣ್ಣಿನಿಂದ ಅವಳನ್ನು ನೋಡಿತು. "ಅಬ್ಬಾ, ಜೀವ ಬಂತು ತಂಗಿ. ಬೆನ್ನು ಹತ್ತು," ಅಂದಿತು. ಹತ್ತನೆಯ ದಿನ ಹೊತ್ತು ಮೂಡುವಾಗ ಅವಳನ್ನು ದುಗುಡರಾಯನ ಅಂಗಳದಲ್ಲಿ ಇಳಿಸಿತು.

ಅಲ್ಲಿ ಅರಮನೆ ಇರಲಿಲ್ಲ. ಇದ್ದದ್ದು ಒಂದು ಕಲ್ಲಿನ ರಾಶಿ. ಹೊರೆಗಲ್ಲಿನ ಮೇಲೆ ಹೊರೆಗಲ್ಲು, ಅದರ ಮೇಲೆ ಮತ್ತೊಂದು, ಮೋಡ ಮುಟ್ಟುವಷ್ಟು ಎತ್ತರ. ಪಕ್ಕದಲ್ಲಿ ಎರಡು ಆಲದ ಬುಡಗಳಿದ್ದವು. ಹೂವಿ ತಲೆ ಎತ್ತಿ ನೋಡಿದರೆ ಅವು ಬುಡಗಳಲ್ಲ, ಕಾಲುಗಳು. ಆ ಕಾಲುಗಳ ಮೇಲೆ, ಮೋಡದಾಚೆ, ದುಗುಡರಾಯ ನಿಂತಿದ್ದ. ಅವನ ತಲೆಯ ಮೇಲೆ ಗುಡ್ಡದಷ್ಟು ಹೊರೆ.

"ಯಾರದು?" ಎಂದು ಮೇಲಿನಿಂದ ದನಿ ಬಂತು. ಗುಡುಗಿನಂಥ ದನಿ, ಆದರೆ ದಣಿದ ದನಿ.

"ಹೂವಿ, ಬೈರಜ್ಜನ ಮೊಮ್ಮಗಳು. ನಮ್ಮ ಕಲ್ಲೆಲ್ಲ ಕದ್ದಿದೀರಿ. ಎಲ್ಲಾ ಬೇಡ ಸ್ವಾಮಿ, ಒಂದು ಕೊಡಿ. ಇವತ್ತು ಹೊತ್ತು ಮುಳುಗಿದ್ರೆ ನಮ್ಮವ್ವ ಉಳಿಯಲ್ಲ."

"ಒಂದೂ ಕೊಡಕ್ಕಾಗಲ್ಲ. ನನಗೇ ಇನ್ನೂ ಸಾಲ್ತಿಲ್ಲ."

"ಇಷ್ಟೊಂದು ಯಾಕೆ?"

"ಇಳಿಸಕ್ಕೆ!" ಎಂದು ಅವನು ಕೂಗಿದ. ಬೆಟ್ಟ ನಡುಗಿತು. "ನಾನೂ ನಿನ್ನ ಹಾಗೆ ಮನುಷ್ಯನೇ ಇದ್ದೆ ಕಣಮ್ಮ. ಇಪ್ಪತ್ತು ತುಂಬಿದ ದಿನ ಗಂಟು ಬಂತು. ಅಡಿಕೆಯಷ್ಟೇ ಇತ್ತು. ಇಷ್ಟು ಚಿಕ್ಕದನ್ನ ಕಲ್ಲಿನ ಮೇಲಿಟ್ಟರೆ ಜನ ನಗ್ತಾರೆ ಅಂತ ನಾಚಿಕೆಯಾಗಿ ಇಳಿಸಲಿಲ್ಲ. ಬೆಳೀತು. ಮಂತ್ರ ಕಲಿತು ಮೈ ಬೆಳೆಸಿದೆ, ಹೊರೋಕೆ. ಮೈ ಬೆಳೆದ ಮೇಲೆ ಯಾವ ಕಲ್ಲೂ ನನ್ನ ಎತ್ತರಕ್ಕೆ ಸಾಲಲಿಲ್ಲ. ಅದಕ್ಕೇ ಪೇರಿಸ್ತಾ ಇದೀನಿ. ಪೇರಿಸಿದಷ್ಟೂ, ಯಾರಾದ್ರೂ ಒಂದು ಎಳೆದುಬಿಟ್ರೆ ಏನು ಗತಿ ಅಂತ ಚಿಂತೆ. ಹೊರೆ ಬೆಳೀತದೆ, ಮತ್ತೆ ಮೈ ಬೆಳೆಸ್ಬೇಕು, ಮತ್ತೆ ಕಲ್ಲು ಬೇಕು."

ಹೂವಿಗೆ ಕೋಪ ಬಂದಿತ್ತು. ಅದು ಹೇಗೋ ಇಳಿದುಹೋಯಿತು. ಅವಳು ಕಲ್ಲುಕುಟಿಗರ ಮನೆಯವಳು, ಅಳತೆ ಎಂದರೆ ಕೈ ಸುಮ್ಮನಿರುವುದಿಲ್ಲ. ಹುಲಿಯ ಬೆನ್ನೇರಿ ರಾಶಿಯ ತುದಿಯವರೆಗೆ ಹತ್ತಿ ಕೋಲಿಟ್ಟು ಅಳೆದಳು. ಅವನ ಹೆಗಲಿಗಿಂತ ರಾಶಿ ಒಂದೇ ಮಾರು ಕಡಿಮೆ.

"ಸ್ವಾಮಿ, ಕಲ್ಲು ಸಾಕು," ಎಂದಳು. "ಕಲ್ಲು ಅರ್ಧ, ಮಂಡಿ ಅರ್ಧ ಅಂತಿದ್ದ ನಮ್ಮಜ್ಜ. ನೀವು ಮಂಡಿ ಬಗ್ಗಿಸಿ."

ಮೇಲಿನಿಂದ ಈಗ ಮಗುವಿನಂಥ ದನಿ ಬಂತು. "ನೂರು ವರ್ಷದಿಂದ ಬಗ್ಗಿಸಿಲ್ಲ. ಬಿದ್ದುಹೋದ್ರೆ? ನನಗೆ ಹೆದರಿಕೆ. ನೀನು ಮೊದಲು ಮಾಡಿ ತೋರಿಸು."

ಹೂವಿ ಕೆಳಗಿಳಿದಳು. ರಾಶಿಗೆ ಇನ್ನೂ ಸೇರದ ಒಂದು ಹೊರೆಗಲ್ಲು ಪಕ್ಕದಲ್ಲಿ ನಿಂತಿತ್ತು. ಅಡ್ಡಗಲ್ಲಿನ ಅಂಚಿನಲ್ಲಿ ಒಂದು ಪುಟ್ಟ ಇರುವೆ. ಅಜ್ಜ ಒಂದೇ ಒಂದು ಕಲ್ಲಿಗೆ ಕೆತ್ತಿದ್ದ ಗುರುತು ಅದು. ತಮ್ಮ ಬೀದಿಯ ಕಲ್ಲೇ. ಅವಳು ಎದೆ ತಾಗಿಸಿ ನಿಂತಳು. ಮಂಡಿ ಬಗ್ಗಲಿಲ್ಲ.

ಸಾವಿರ ಜನಕ್ಕೆ ಹೇಳಿಕೊಟ್ಟ ಕೆಲಸ ಅವಳಿಗೇ ಬರಲಿಲ್ಲ. ಉಳಿದವೆಲ್ಲ ಹೋಗಲಿ, ಅವ್ವನ ಚಿಂತೆಯನ್ನು ಹೇಗೆ ಇಳಿಸುವುದು? ಅದನ್ನು ಇಳಿಸಿದರೆ ಅವ್ವನನ್ನೇ ಇಳಿಸಿದ ಹಾಗಲ್ಲವೇ? ತಾನು ಹೊತ್ತಿರುವುದರಿಂದಲೇ ಅವ್ವ ಇಷ್ಟು ದಿನ ಉಳಿದಿದ್ದಾಳೆ ಎಂದು ಅವಳ ಮನಸ್ಸಿನ ಮೂಲೆಯಲ್ಲಿತ್ತು. ಹೂವಿ ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತ ಕೈ ಅಡ್ಡಗಲ್ಲಿನ ಇರುವೆಗೆ ತಾಗಿತು. ಅಜ್ಜನ ಎರಡನೆಯ ಮಾತು ನೆನಪಾಯಿತು. ಹೊರೆ ಇಳಿಸಿದೋರು ದಾರಿ ಬಿಟ್ಟೋರಲ್ಲ.

ಅವಳು ಮಂಡಿ ಬಗ್ಗಿಸಿದಳು. ತಲೆ ಮುಂದೆ ಬಾಗಿಸಿದಳು. ಗಂಟು ಮೆಲ್ಲಗೆ ಜಾರಿ ಕಲ್ಲಿನ ಮೇಲೆ ಕೂತಿತು.

"ಇಂದಿಗಿಷ್ಟೇ," ಅಂದಳು.

ಏಳು ತಿಂಗಳ ಮೇಲೆ ನೆತ್ತಿಗೆ ಗಾಳಿ ತಾಗಿತು. ಕೂದಲ ಬೇರು ಬೇರೂ ತಂಪಾಯಿತು. ಆಕಾಶ ಇಷ್ಟು ಮೇಲಿದೆ ಎಂದೇ ಅವಳಿಗೆ ಮರೆತುಹೋಗಿತ್ತು. ಆಶ್ಚರ್ಯವೆಂದರೆ ಅವ್ವ ಮನಸ್ಸಿನಿಂದ ಹೋಗಲಿಲ್ಲ. ಭಾರವಷ್ಟೇ ಹೋಯಿತು, ಅವ್ವನ ಮುಖ ಇನ್ನೂ ಚೆನ್ನಾಗಿ ಕಂಡಿತು.

ಮೇಲಿಂದ ಇದನ್ನು ನೋಡುತ್ತಿದ್ದ ದುಗುಡರಾಯ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಅವನ ಮಂಡಿಗಳು ಹಳೆಯ ಕೋಟೆಬಾಗಿಲಿನ ಹಾಗೆ ಕಿರ್ರೆಂದವು. ಒಂದು ಬೆರಳು, ಒಂದು ಗೇಣು, ಒಂದು ಮಾರು. ಗುಡ್ಡದಷ್ಟು ಹೊರೆ ಜಾರಿ ಕಲ್ಲಿನ ರಾಶಿಯ ಮೇಲೆ ಕೂತಿತು. "ಇಂದಿಗಿಷ್ಟೇ," ಎಂದ ಅವನು, ನೂರು ವರ್ಷ ತಡವಾಗಿ. ಬೆಟ್ಟದ ಮಂಜೆಲ್ಲ ಬಂದು ಆ ಹೊರೆಯನ್ನೂ ಪಕ್ಕದಲ್ಲಿದ್ದ ಹೂವಿಯ ಗಂಟನ್ನೂ ಸುತ್ತಿಕೊಂಡಿತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಎರಡೂ ಕರಗಿ ನೀರಾಗಿ ನಾಲ್ಕು ದಿಕ್ಕಿಗೂ ಹರಿದವು. ಅವನೂ ಕುಗ್ಗುತ್ತ ಕುಗ್ಗುತ್ತ ಬಂದು, ಬಡಕಲು ಮೈಯ ಒಬ್ಬ ಮುದುಕನಾಗಿ ಹೂವಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಎದುರಿಗೆ ಕಲ್ಲಿನ ಮೇಲೆ ಅವನ ಗಂಟು ಅಡಿಕೆಯಷ್ಟು ಗಾತ್ರಕ್ಕೆ ಉಳಿದಿತ್ತು. ಅದು ಪಿಸುಗುಡುತ್ತಿತ್ತು: ಮನೆ ಬಿಟ್ಟು ಬರೋವಾಗ ಕೋಳಿಗೂಡಿನ ಅಗಳಿ ಹಾಕಿದೆನೋ ಇಲ್ಲವೋ?

"ಇದೇನಾ ತಾತ?" ಎಂದಳು ಹೂವಿ.

"ಇದೇ ಕಣವ್ವ," ಎಂದು ಮುದುಕ ಮುಖ ಮುಚ್ಚಿಕೊಂಡ.

"ಹೋಗಿ ನೋಡಿದ್ರೆ ಆಯ್ತಲ್ಲ. ನಡೀರಿ. ಮೊದಲು ಶಿಳ್ಳೆ ಹಾಕಿ, ಹೊತ್ತು ಇಳೀತಿದೆ."

ಮುದುಕ ಶಿಳ್ಳೆ ಹಾಕಿದ. ರಾಶಿಯ ಕಲ್ಲುಗಳು ಒಂದೊಂದಾಗಿ ಇಳಿದು, ಮೈ ಕೊಡವಿ, ಊರ ದಾರಿ ಹಿಡಿದವು. ಇರುವೆ ಗುರುತಿನ ಕಲ್ಲು ಇಬ್ಬರನ್ನೂ ತನ್ನ ಮೇಲೆ ಕೂರಿಸಿಕೊಂಡು ಎಲ್ಲಕ್ಕಿಂತ ಮುಂದೆ ಓಡಿತು. ಕಲ್ಲಿನ ಹೆಜ್ಜೆ ದೊಡ್ಡ ಹೆಜ್ಜೆ. ಹುಲಿ ಜೊತೆಗೆ ಓಡಿತು, ಆಮೆಯ ಸರೋವರವನ್ನು ಕಲ್ಲುಗಳು ನಾಲ್ಕೇ ಹೆಜ್ಜೆಯಲ್ಲಿ ದಾಟಿದವು, ಗೊರವಂಕಗಳು ಬಾಯಿ ತೆರೆಯುವಷ್ಟರಲ್ಲಿ ಕಾಡು ಮುಗಿದಿತ್ತು.

ಸೂರ್ಯ ಮುಳುಗಲು ಒಂದು ಬೆರಳು ಇದ್ದಾಗ ಕಲ್ಲು ಅಂಗಳಕ್ಕೆ ಬಂತು. ಸಿದ್ದವ್ವ ಗದ್ದದವರೆಗೆ ಮಣ್ಣಿನಲ್ಲಿದ್ದಳು.

"ಬಂದ್ಯಾ ಮಗಾ? ಉಂಡ್ಯಾ? ಎಷ್ಟು ಸೊರಗಿ ಹೋಗಿದೀಯ," ಅಂದಳು. ಹೊರೆ ಮತ್ತೊಂದು ಹಿಡಿ ಬೆಳೆಯಿತು. ತುಟಿಗೆ ಮಣ್ಣು ತಾಗಿತು.

ಹೂವಿ ಕಲ್ಲಿನ ಮೇಲಿಂದ ಧುಮುಕಿದಳು. ಕಲ್ಲು ಬಂದೇನು? ಅವ್ವನ ಮಂಡಿ ನೆಲದೊಳಗೆ ಹೂತಿತ್ತು. ಬಗ್ಗಿಸುವುದೆಲ್ಲಿಂದ? ಆಗ ಬೈರಜ್ಜ ಕಡೆದ ಆ ಕಲ್ಲು ತಾನೇ ಮುಂದೆ ಬಂತು. ಸಿದ್ದವ್ವನ ಎದುರು ನಿಂತು, ತನ್ನ ಎರಡು ಕಾಲನ್ನೂ ಮೆಲ್ಲಗೆ ಮಣ್ಣಿಗೆ ಇಳಿಸಿ ಇಳಿಸಿ, ಅಡ್ಡಗಲ್ಲನ್ನು ಅವಳ ಗದ್ದದ ಮಟ್ಟಕ್ಕೆ ತಂದಿತು.

"ಅವ್ವ, ತಲೆ ಮುಂದಕ್ಕೆ ಬಾಗಿಸು, ಸಾಕು."

ಸಿದ್ದವ್ವ ಬಾಗಿಸಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು. "ಇದ್ರಲ್ಲಿ ಎಲ್ಲಾ ನೀನೇ ಇದೀಯಲ್ಲ ಮಗಾ. ಕೆಳಗಿಟ್ಟುಬಿಟ್ರೆ, ನಿನಗೇನಾದ್ರೂ ಆದ್ರೆ?"

ಹೂವಿ ಮಣ್ಣಿನ ಮೇಲೆ ಬೋರಲಾಗಿ ಮಲಗಿ ಅವ್ವನ ಕೆನ್ನೆಗೆ ಕೆನ್ನೆ ಇಟ್ಟಳು. "ಅವ್ವ, ನೋಡು. ನನ್ನ ತಲೆ ಮೇಲೆ ಏನೂ ಇಲ್ಲ. ಆದ್ರೂ ನಿನ್ನ ಹತ್ರಾನೇ ಓಡಿಬಂದೆ. ಹೊರೆ ಇಳಿಸಿದೋರು ದಾರಿ ಬಿಟ್ಟೋರಲ್ಲ."

ಸಿದ್ದವ್ವ ಮಗಳ ಬರಿ ತಲೆಯನ್ನು ನೋಡಿದಳು. ಇಪ್ಪತ್ತು ವರ್ಷ ಎಣ್ಣೆ ಹಚ್ಚಿ ಬಾಚಿದ ತಲೆ. ಅವಳು ಕಣ್ಣು ಮುಚ್ಚಿ ತಲೆ ಬಾಗಿಸಿದಳು. ಹೊರೆ ಕಲ್ಲಿನ ಮೇಲೆ ಜಾರಿತು. ಸೂರ್ಯ ಮುಳುಗಿದ. ನೆಲ ಸಿದ್ದವ್ವನನ್ನು ಹೂವಿನ ಗಿಡದ ಹಾಗೆ ಮೇಲಕ್ಕೆ ಕೊಟ್ಟುಬಿಟ್ಟಿತು.

ಆ ಸಂಜೆ ಸೀಮೆಯ ಬೀದಿ ಬೀದಿಯಲ್ಲೂ "ಇಂದಿಗಿಷ್ಟೇ, ಇಂದಿಗಿಷ್ಟೇ" ಎಂಬ ದನಿ. ಏಳು ತಿಂಗಳ ನಿದ್ದೆಯೆಲ್ಲ ಒಟ್ಟಿಗೆ ಬಂತು. ಜನ ಜಗಲಿಯ ಮೇಲೆ, ಗಾಡಿಯ ಮೇಲೆ, ಎಲ್ಲಿ ಸಿಕ್ಕಿತೋ ಅಲ್ಲಿ ಮಲಗಿ ಮೂರು ದಿನ ಏಳಲಿಲ್ಲ. ಎದ್ದ ಮೇಲೆ ರಾಜ ಹೂವಿಯನ್ನು ಕರೆಸಿ ಅರ್ಧ ರಾಜ್ಯ ಕೊಡುತ್ತೇನೆ ಎಂದ. "ಬ್ಯಾಡ ಬುದ್ಧಿ, ಅದರ ಚಿಂತೆ ಯಾರು ಹೊರ್ತಾರೆ? ಒಂದು ಹೊಸ ಉಳಿ ಕೊಡಿಸಿ," ಎಂದಳು ಅವಳು. ಕೊಡಿಸಿದ.

ಮುದುಕ ತನ್ನ ಹಳೆಯ ಮನೆಯನ್ನು ಹುಡುಕಿಕೊಂಡು ಹೋದ. ಗೋಡೆ ಬಿದ್ದಿತ್ತು, ಕಲ್ಲಿನ ಕೋಳಿಗೂಡು ಮಾತ್ರ ನಿಂತಿತ್ತು. ಬಳ್ಳಿ ಸರಿಸಿ ನೋಡಿದ. ಅಗಳಿ ಹಾಕಿತ್ತು. ಅವನು ಅಲ್ಲೇ ಕೂತು ಹೊಟ್ಟೆ ಹಿಡಿದು ನಕ್ಕ, ಆಮೇಲೆ ಸ್ವಲ್ಪ ಅತ್ತ. ಅಲ್ಲಿಂದ ಬಂದವನು ಹೂವಿಯ ಜೊತೆ ಕಲ್ಲು ನೆಡುವ ಕೆಲಸಕ್ಕೆ ಸೇರಿದ. ಹುಲಿ ಅವರ ಜಗಲಿಯ ಮೇಲೆ ಮಲಗಿಯೇ ಇತ್ತು.

ಸಿದ್ದವ್ವ ಬದಲಾದಳೇ ಎಂದರೆ, ಅಷ್ಟು ಬೇಗ ಯಾರು ಬದಲಾಗುತ್ತಾರೆ? ಈಗಲೂ ಸಂಜೆ ಹೊರೆ ಇಳಿಸಿ ನಾಲ್ಕು ಹೆಜ್ಜೆ ಬಂದವಳು ತಟ್ಟನೆ ನಿಲ್ಲುತ್ತಾಳೆ. "ಹೂವಿ, ಒಲೆ ಆರಿಸಿದ್ನೇನೆ?" ಎಂದು ತಿರುಗಿ ನೋಡಲು ಹೋಗುತ್ತಾಳೆ. ಹೂವಿ ಅವಳ ಕೈ ಹಿಡಿದು ನಡೆಯುತ್ತಾಳೆ. "ಮನೆಗೇ ಹೋಗ್ತಿದೀವಲ್ಲವ್ವ, ನೋಡಾಣ ಬಾ."

ಇಷ್ಟು ದೂರ ಈ ಕತೆಯನ್ನು ಹೊತ್ತು ತಂದವನು ನಾನು. ನಿಮ್ಮ ಹೊಸ್ತಿಲಲ್ಲಿ ಇಳಿಸಿದ್ದೇನೆ. ನನ್ನದು ಇಂದಿಗಿಷ್ಟೇ. ನಿಮ್ಮದನ್ನೂ ಇಳಿಸಿ, ಮಲಗಿ.